ಉಗ್ರಾಣದ ಚಕ್ರವ್ಯೂಹ

ಜಪಾನಿನ ಹಿರೋಯುಕಿ ಇಮಾಬಯಾಶಿ ಅವರು ರಚಿಸಿದ 'ಸೋಕೋಬಾನ್' ಆಟವು 1982ರಲ್ಲಿ ಗಣಕಯಂತ್ರಕ್ಕಾಗಿ ಪ್ರಕಟವಾಯಿತು. ಉಗ್ರಾಣವನ್ನು ನೋಡಿಕೊಳ್ಳುವವನು ಎಂದು ಈ ಪದದ ಅರ್ಥ. 1989ರಲ್ಲಿ ಅದು ಕೈಯಲ್ಲಿ ಹಿಡಿದು ಆಡುವ 'ಗೇಮ್ ಬಾಯ್' ಯಂತ್ರಕ್ಕೂ ಬಂದಿತು.

ಇಕ್ಕಟ್ಟಾದ ಓಣಿಗಳಲ್ಲಿ ಚದರಿರುವ ಪೆಟ್ಟಿಗೆಗಳನ್ನು ಗೊತ್ತಾದ ಸ್ಥಾನಗಳಿಗೆ ಸೇರಿಸಬೇಕು; ಕೆಲಸವೇನೋ ಇಷ್ಟೇ. ಆದರೆ ಉಗ್ರಾಣದವನು ಪೆಟ್ಟಿಗೆಯನ್ನು ನೂಕಬಲ್ಲನು, ಎಳೆಯಲಾರನು. ಅದೂ ಒಂದು ಸಲಕ್ಕೆ ಒಂದನ್ನೇ. ಮೂಲೆ ಸೇರಿದ ಪೆಟ್ಟಿಗೆ ಮತ್ತೆ ಕದಲದು. ಅದರದು ಅಭಿಮನ್ಯುವಿನ ಪಾಡು. ಬಹಳ ಹಿಂದೆಯೇ ಇಟ್ಟ ತಪ್ಪುಹೆಜ್ಜೆ ಎಷ್ಟೋ ಸಲ ಕೊನೆಯ ಪೆಟ್ಟಿಗೆಯ ಬಳಿ ಬಂದಾಗಲೇ ಅರಿವಾಗುತ್ತದೆ. ದೋಷ ಯಂತ್ರದ್ದಲ್ಲ, ತನ್ನದೇ ಎಂದು ಕಂಡ ಮೇಲೆ ಆಟವನ್ನು ಕೆಳಗಿಡಲು ಮನಸ್ಸು ಒಪ್ಪದು. ಹುಚ್ಚು ಹಿಡಿಯುವುದು ಹೀಗೆ.

ಇದನ್ನು ಕೇವಲ ಮಕ್ಕಳಾಟವೆನ್ನುವಂತಿಲ್ಲ. ಗಣಕಯಂತ್ರಗಳಿಗೂ ಅತಿ ಕಠಿಣವಾದ ಸಮಸ್ಯೆಗಳ ವರ್ಗಕ್ಕೆ ಇದು ಸೇರಿದೆಯೆಂದು 1997ರಲ್ಲಿ ಕೆನಡಾದ ಜೋಸೆಫ್ ಕಲ್ಬರ್ಸನ್ ಸಾಧಿಸಿ ತೋರಿಸಿದರು.