ಪೆಟ್ಲು ಕಲಿಸುವ ಪಾಠ

ವಾಟೆ ಬಿದಿರನ್ನು ಗೇಣಿಗಿಂತ ತುಸು ಉದ್ದಕ್ಕೆ, ಗಿಣ್ಣು ಬಾರದ ಹಾಗೆ ಕತ್ತರಿಸಬೇಕು. ಎರಡೂ ತುದಿ ತೆರೆದಿರಬೇಕು. ಒಳಗೆ ಸಲೀಸಾಗಿ ಓಡಾಡುವ ಕಡ್ಡಿಗೊಂದು ಹಿಡಿ ಕೂರಿಸಬೇಕು. ಕಡ್ಡಿ ಮಾತ್ರ ಕೊಳವೆಗಿಂತ, ಒಳಗೆ ತುಂಬುವ ಒಂದು ಜುಮ್ಮನಕಾಯಿಯಷ್ಟು ಗಿಡ್ಡ. ಮೊದಲ ಕಾಯಿಯನ್ನು ಆ ತುದಿಯವರೆಗೆ ತಳ್ಳಿ ನಿಲ್ಲಿಸಿ, ಇನ್ನೊಂದನ್ನು ಹಿಂದಿನಿಂದ ರಭಸವಾಗಿ ನೂಕಿದರೆ ನಡುವೆ ಸಿಕ್ಕಿಕೊಂಡ ಗಾಳಿ ಮುಂದಿನ ಕಾಯಿಯನ್ನು ‘ಪಟ್’ ಎಂದು ಹಾರಿಸುತ್ತದೆ. ಅದೇ ಪೆಟ್ಲು. ಕಡ್ಡಿ ಉದ್ದವಾದರೆ ಮೊದಲ ಕಾಯಿ ತುದಿಯಲ್ಲಿ ನಿಲ್ಲದೆ ಹೊರಗೆ ಉದುರುತ್ತದೆ, ಸದ್ದೇ ಬರುವುದಿಲ್ಲ. ಹಾಗೆ ಎರಡು ಸಲ ಕೆಡಿಸಿ ಮೂರನೆಯದನ್ನು ಸರಿಮಾಡಿಕೊಂಡ ಮಗುವಿಗೆ ಗಾಳಿಯ ಒತ್ತಡದ ಪಾಠವನ್ನು ಬೇರೆ ಹೇಳಬೇಕಿಲ್ಲ.

ಹೀಗೆ ಕೈಯಾರೆ ಮಾಡಿ ಕಲಿಯಲೆಂದು ಪುಟ್ಟ ಮಕ್ಕಳಿಗೆ ಕಾಡಿನಲ್ಲೇ ಪಾಠ ಮಾಡುವ ಪದ್ಧತಿ ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲಿ ಬೇರೂರಿತು. 1993ರಲ್ಲಿ ಅದನ್ನು ನೋಡಿಬಂದ ಬ್ರಿಜ್‌ವಾಟರ್ ಕಾಲೇಜಿನವರಿಂದ ಬ್ರಿಟನ್ನಿನಲ್ಲಿ ‘ಫಾರೆಸ್ಟ್ ಸ್ಕೂಲ್’ ಶುರುವಾಯಿತು. ನಮ್ಮಲ್ಲಿ ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಪುಸ್ತಕದ ಚೀಲವಿಲ್ಲದ ‘ಸಂಭ್ರಮ ಶನಿವಾರ’ವೂ ಇದೆ.

ಮಲೆನಾಡಿನ ನಮ್ಮ ಕಳಸದ ಮಕ್ಕಳಿಗಂತೂ ಕಾಡಿಗಾಗಿ ಬಸ್ಸು ಹತ್ತುವ ಅಗತ್ಯವೇ ಇಲ್ಲ. ಕುದುರೆಮುಖದ ಶೋಲೆ ಕಾಡುಗಳು ಅತ್ತ ಇರಲಿ, ಶಾಲೆಯ ಹಿಂದಿನ ಹಾಡ್ಯ, ಭದ್ರೆಯ ದಂಡೆ, ಕಾಫಿ ತೋಟದ ಅಂಚು ಸಾಕು. ಜಡಿಮಳೆಯ ಇಂಬಳ ಕಡಿಮೆಯಾದ ಮೇಲೆ, ಆನೆಯ ಸುದ್ದಿಯಿಲ್ಲದ ದಿನ ನೋಡಿಕೊಂಡು ಹೊರಟರಾಯಿತು. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಹಾಕಿ ಮೆತ್ತಗಾದ ಮೇಲೆ ಮಡಿಸಿದರೆ ಟೊಪ್ಪಿ. ನಾಲ್ಕು ಹಲಸಿನ ಎಲೆ ಸೇರಿಸಿ ಕಡ್ಡಿ ಚುಚ್ಚಿದರೆ ಕಡುಬಿನ ಕೊಟ್ಟೆ. ಬಾಳೆಯ ನಾರು ಹೂಮಾಲೆಗೆ. ಯಾವ ಎಲೆ ಬಾಗುತ್ತದೆ, ಯಾವುದು ಸೀಳುತ್ತದೆ ಎಂಬುದು ಬೆರಳಿಗೇ ತಿಳಿಯಬೇಕು.

ಕಲಿಸುವವರು ಯಾರು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಮಂದಣ್ಣ ನೆನಪಾಗುತ್ತಾನೆ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ, ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿಗೆ ಬೇಕಾದವನು ಊರಿನವರು ಕೆಲಸಕ್ಕೆ ಬಾರದವನೆಂದುಕೊಂಡ ಆ ಜೇನು ಹುಡುಗ.  ಮಂದಣ್ಣನಂಥವರು ಈಗಲೂ ಈ ಗುಡ್ಡಗಳಲ್ಲಿದ್ದಾರೆ: ಮೆಣಸು ಕೊಯ್ಯಲು ಏಣಿ ಹತ್ತುವವರು, ಮೊದಲ ಗುಡುಗಿಗೆ ಅಣಬೆ ಏಳುವ ಜಾಗ ಬಲ್ಲ ಅಜ್ಜಿಯರು, ಬುಟ್ಟಿ ನೇಯುವವರು. ತಿಂಗಳಿಗೊಂದು ಶನಿವಾರ ಅವರನ್ನು ಗೌರವದಿಂದ ಕರೆದು, ದಿನದ ಕೂಲಿಗೆ ಕಡಿಮೆಯಾಗದ ಸಂಭಾವನೆ ಕೊಟ್ಟು, ಮೇಷ್ಟ್ರ ಜಾಗದಲ್ಲಿ ನಿಲ್ಲಿಸಬೇಕು. ತೋಟದ ಕೂಲಿಯವರ ಮಕ್ಕಳು ಆ ತರಗತಿಯಲ್ಲಿ ಹಿಂದಿನ ಬೆಂಚಿನವರಾಗಿರುವುದಿಲ್ಲ. ಕತ್ತಿ ಹಿಡಿಯುವ ರೀತಿಯನ್ನು ಅವರೇ ಉಳಿದವರಿಗೆ ತೋರಿಸಿಕೊಡುತ್ತಾರೆ.

ಆ ಪಾಠದ ನಡುವೆ ಅಡಿಕೆ ಮರದಿಂದ ಹಾಳೆ ಕಳಚಿ ಬೀಳುವ ಸದ್ದು ಕೇಳಿದರೆ ಸಾಕು, ಸಾಲಾಗಿ ನಿಂತ ಮಕ್ಕಳು ಚೆಲ್ಲಾಪಿಲ್ಲಿ. ಮೊದಲು ಮುಟ್ಟಿದವಳು ಮೇಲೆ ಕೂರುತ್ತಾಳೆ, ಎರಡನೆಯವನು ಸೋಗೆ ಹಿಡಿದು ಇಳಿಜಾರಿನಲ್ಲಿ ಎಳೆಯುತ್ತಾನೆ.