ನಾಯಕನಿಲ್ಲದ ಫೈನಲ್

2019ರ ಅಕ್ಟೋಬರ್ 19, ಅಹಮದಾಬಾದ್. ಪ್ರೊ ಕಬಡ್ಡಿ ಫೈನಲ್. ಬೆಂಗಾಲ್ ವಾರಿಯರ್ಸ್ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗೆ.

ತಂಡದ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ನಾಯಕತ್ವ ಇರಾನಿನ ಮೊಹಮ್ಮದ್ ನಬಿಬಕ್ಷ್ ಹೆಗಲೇರಿತು. ಶುರುವಿನಲ್ಲೇ ಎದುರಾಳಿ ದಬಾಂಗ್ ದೆಹಲಿ ಮುನ್ನುಗ್ಗಿ ಆಲೌಟ್ ಮಾಡಿತು. ಇಂಥ ಹೊತ್ತಿನಲ್ಲೇ ತಂಡ ಒಡೆಯುವುದು. ವಾರಿಯರ್ಸ್ ಒಡೆಯಲಿಲ್ಲ, 39–34ರಿಂದ ಗೆದ್ದರು.

ಸುಲೇಪೇಟ, ಚಿಂಚೋಳಿಯ ಶಾಲಾ ಮೈದಾನದಲ್ಲಿ ಕಬಡ್ಡಿ ಕಲಿಸುವ ಪಿಟಿ ಮಾಸ್ತರರಿಗೆ ಈ ಪಂದ್ಯದಲ್ಲಿ ಕಲಿಯಲು ಬೇಕಾದಷ್ಟಿದೆ. ಟೈಮೌಟ್ ಅಂದರೆ ಬರೀ 30 ಸೆಕೆಂಡ್. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ: ಅಂಕ ತರಬೇಕು, ಇಲ್ಲವೇ ಔಟ್. ಎದೆ ಡವಡವ ಅನ್ನುವಾಗ ಹತ್ತು ಸಲಹೆ ಕಿವಿಗೆ ಇಳಿಯುವುದಿಲ್ಲ. ಒಂದೇ ಮಾತು ಹೇಳಬೇಕು: ‘ಎಡ ಮೂಲೆಯವನ ಮೇಲೆ ಕಣ್ಣಿಡು.’

ಎಲ್ಲರೆದುರು ಬೈದರೆ? ಸಿಕ್ಕಿಬಿದ್ದ ಹುಡುಗ ಮುಂದಿನ ರೈಡಿಗೆ ಹೆಜ್ಜೆ ಇಡಲೇ ಅಳುಕುತ್ತಾನೆ. ಔಟಾದವನನ್ನು ಮತ್ತೆ ಅಂಗಳಕ್ಕೆ ತರುವುದು ಜೊತೆಗಾರರು ಗಳಿಸಿದ ಅಂಕ. ಆಟದ ನಿಯಮವೇ ಹಾಗಿದೆ. ಅದನ್ನು ಹುಡುಗನಿಗೆ ನೆನಪಿಸುವುದು ಕೋಚ್ ಕೆಲಸ.

2024ರ ಮಾರ್ಚ್ 1ರಂದು ರಮೇಶ್ ಮತ್ತೆ ಕಪ್ ಗೆಲ್ಲಿಸಿದರು, ಈ ಸಲ ಯುವಕರೇ ತುಂಬಿದ್ದ ಪುಣೇರಿ ಪಲ್ಟನ್‌ಗೆ. ಹರಿಯಾಣ ಸ್ಟೀಲರ್ಸ್ ವಿರುದ್ಧ 28–25. ಆ ಫೈನಲ್ ನಡೆದದ್ದು ಹೈದರಾಬಾದಿನಲ್ಲಿ, ಸೇಡಂನವರು ರೈಲು ಹತ್ತಿ ಹೋಗುವ ಊರಿನಲ್ಲಿ.