ಹಳೆಯ ರಾಜದೂತ್ 350ಕ್ಕೆ ಮರುಜನ್ಮ: ಮೊದಲು ಬ್ರೇಕು, ಆಮೇಲೆ ವೇಗ

ಭಾನುವಾರದ ಮುಂಜಾನೆ ಬೆಂಗಳೂರಿನಿಂದ ನಂದಿಬೆಟ್ಟದತ್ತ ಸಾಗುವ ಬೈಕುಗಳ ಸಾಲಿನಲ್ಲಿ ಒಮ್ಮೊಮ್ಮೆ ಒಂದು ಸದ್ದು ಮಾತ್ರ ಬೇರೆಯಾಗಿ ಕಿವಿಗೆ ಬೀಳುತ್ತದೆ. ನಿಧಾನಗತಿಯಲ್ಲಿ ಗೊಣಗುತ್ತ, ವೇಗ ಹೆಚ್ಚಿದಂತೆ ಚೀರುವ ಸ್ವರಕ್ಕೇರುವ ಆ ಸದ್ದಿನ ಹಿಂದೆ ತೆಳುವಾದ ನೀಲಿ ಹೊಗೆಯೂ ಇರುತ್ತದೆ. ಅದು ರಾಜದೂತ್ 350. ಅಭಿಮಾನಿಗಳ ಬಾಯಲ್ಲಿ ಬರಿಯ 'ಆರ್‌ಡಿ'. ಉತ್ಪಾದನೆ ನಿಂತು ಮೂರು ದಶಕಗಳು ಕಳೆದರೂ ಈ ಬೈಕನ್ನು ಗುಜರಿಯಿಂದ ಎತ್ತಿ ತಂದು, ಬಿಡಿಬಿಡಿಯಾಗಿ ಕಳಚಿ, ಹೊಸ ಬಿಡಿಭಾಗಗಳನ್ನು ಕೂಡಿಸಿ ಮತ್ತೆ ರಸ್ತೆಗಿಳಿಸುವ ಹವ್ಯಾಸಿಗಳ ಸಂಖ್ಯೆಗೆ ಕೊರತೆಯಿಲ್ಲ. ಆದರೆ ಈ ಮರುಜೋಡಣೆಯಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬ ವಿವೇಚನೆ ತಪ್ಪಿದರೆ ಹಣವಷ್ಟೇ ಅಲ್ಲ, ಸವಾರನ ಪ್ರಾಣವೂ ಅಪಾಯಕ್ಕೆ ಸಿಲುಕುತ್ತದೆ.

ಕಾಲಕ್ಕಿಂತ ಮುಂಚೆ ಬಂದ ಬೈಕು

ಜಪಾನಿನ ಯಮಹಾ ಆರ್‌ಡಿ 350ಬಿ ಮಾದರಿಯನ್ನು ಆಧರಿಸಿ ಎಸ್ಕಾರ್ಟ್ಸ್ ಸಂಸ್ಥೆಯು 1983ರಲ್ಲಿ ಈ ಬೈಕನ್ನು ಭಾರತದ ಮಾರುಕಟ್ಟೆಗೆ ತಂದಿತು. 347 ಸಿಸಿ ಸಾಮರ್ಥ್ಯದ, ಗಾಳಿಯಿಂದಲೇ ತಣಿಯುವ, ಅವಳಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಹಾಗೂ ಆರು ಗೇರುಗಳು ಅಂದಿನ ಸವಾರರಿಗೆ ಹೊಸ ಅನುಭವವಾಗಿದ್ದವು. ಆ ಕಾಲದ ಬುಲೆಟ್ 350ರ ಶಕ್ತಿ 18 ಅಶ್ವಶಕ್ತಿಯಷ್ಟಿದ್ದರೆ, ಮೊದಮೊದಲು ಬಂದ 'ಹೈ ಟಾರ್ಕ್' ಆರ್‌ಡಿಯದು 30.5 ಅಶ್ವಶಕ್ತಿ. ಮೈಲೇಜ್ ಕಡಿಮೆ ಎಂಬ ದೂರು ಬಂದ ಮೇಲೆ ಹೊರತಂದ 'ಲೋ ಟಾರ್ಕ್' ಮಾದರಿಯಲ್ಲಿ ಅದು ಸುಮಾರು 27ಕ್ಕೆ ಇಳಿಯಿತು. ಜಪಾನಿನ ಮೂಲ ಬೈಕಿಗೆ 39 ಅಶ್ವಶಕ್ತಿಯಿತ್ತು.

ಆರ್‌ಡಿ ಎಂಬ ಎರಡಕ್ಷರ 'ರೇಸ್ ಡೆವಲಪ್ಡ್' ಎಂಬುದರ ಸಂಕ್ಷಿಪ್ತ ರೂಪ. ನಮ್ಮಲ್ಲಿ ಮಾತ್ರ ಅದಕ್ಕೆ 'ರ‍್ಯಾಪಿಡ್ ಡೆತ್' ಎಂಬ ಅಡ್ಡಹೆಸರು ಅಂಟಿಕೊಂಡಿತು. ಕಾರಣ ದೂರದಲ್ಲಿಲ್ಲ. ಮೂಲ ಬೈಕಿನ ಮುಂಗಾಲಿಗೆ ಡಿಸ್ಕ್ ಬ್ರೇಕ್ ಇದ್ದರೆ, ಭಾರತದಲ್ಲಿ ತಯಾರಾದ ಬೈಕಿಗೆ ಡ್ರಮ್ ಬ್ರೇಕ್ ಬಂತು. ಓಟಕ್ಕೆ ತಕ್ಕ ಹಿಡಿತವಿಲ್ಲದ ಬೈಕು ಅದಾಯಿತು. ದುಬಾರಿ ಬೆಲೆ ಮತ್ತು ಇಂಧನದ ಹಸಿವು ಸೇರಿ, ಆ ದಶಕ ಮುಗಿಯುವ ಹೊತ್ತಿಗೆ ಅದರ ಕಥೆಯೂ ಮುಗಿಯಿತು.

ಕರ್ನಾಟಕದಲ್ಲಿ ಇಂತಹ ಬೈಕುಗಳನ್ನು ಉಳಿಸುವ ಕೈಗಳು ಉಳಿದುಕೊಂಡದ್ದಕ್ಕೆ ಹಿನ್ನೆಲೆಯುಂಟು. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಯೆಜ್ಡಿಗಳಂತಹ ಟೂ ಸ್ಟ್ರೋಕ್ ಬೈಕುಗಳು ಹೊರಬರುತ್ತಿದ್ದವು. ಅವುಗಳ ಎಂಜಿನ್ ಬಿಚ್ಚಿ ಪಳಗಿದ ಮೆಕ್ಯಾನಿಕ್‌ಗಳು ಮೈಸೂರು, ಬೆಂಗಳೂರುಗಳಲ್ಲಿ ಇಂದಿಗೂ ಇದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಮತ್ತು ಶಿವಾಜಿನಗರದ ಗುಜರಿ ಈ ಹವ್ಯಾಸಿಗಳ ಯಾತ್ರಾಸ್ಥಳಗಳು.

ಎಂಜಿನ್: ಕಣ್ಣಿಗೆ ಕಾಣದ ಸೋರಿಕೆಯೇ ಶತ್ರು

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಹೀಗಾಗಿ ಕ್ರ್ಯಾಂಕ್ ಕೇಸು ಗಾಳಿಯಾಡದಂತೆ ಬಿಗಿಯಾಗಿರಬೇಕು. ವರ್ಷಗಟ್ಟಲೆ ನಿಂತ ಬೈಕಿನ ಆಯಿಲ್ ಸೀಲುಗಳು ಒಣಗಿ ಸೆಡೆತುಹೋಗಿರುತ್ತವೆ. ಆ ಸಂದಿನಿಂದ ಹೊರಗಿನ ಗಾಳಿ ಒಳನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ತಗ್ಗುತ್ತದೆ, ಶಾಖ ಏರುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ಎಂಜಿನ್ 'ಸೀಜ್' ಆಯಿತು ಎನ್ನುವುದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೀಗಾದರೆ ಹಿಂದಿನ ಚಕ್ರ ಒಮ್ಮೆಲೇ ಸ್ಥಗಿತಗೊಳ್ಳುತ್ತದೆ. ತಕ್ಷಣ ಕ್ಲಚ್ ಹಿಡಿಯದ ಸವಾರ ನೆಲಕ್ಕುರುಳುವುದು ನಿಶ್ಚಿತ. ಹಳೆಯ ಟೂ ಸ್ಟ್ರೋಕ್ ಸವಾರರು ಕ್ಲಚ್ಚಿನ ಮೇಲಿಂದ ಎರಡು ಬೆರಳು ತೆಗೆಯದಿರುವುದು ಈ ಕಾರಣಕ್ಕೇ.

ಆದ್ದರಿಂದ ಮರುಜೋಡಣೆಯಲ್ಲಿ ಕ್ರ್ಯಾಂಕಿನ ಬೇರಿಂಗು, ಸೀಲು, ಗ್ಯಾಸ್ಕೆಟ್‌ಗಳನ್ನು ಚೆನ್ನಾಗಿವೆ ಎನಿಸಿದರೂ ಬದಲಿಸುವುದು ವಾಡಿಕೆ. ಜೋಡಿಸಿದ ಮೇಲೆ ಎಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಅಲ್ಪ ಒತ್ತಡದ ಗಾಳಿ ತುಂಬಿ, ಅದು ಇಳಿಯುತ್ತದೆಯೇ ಎಂದು ನೋಡಬೇಕು. ಕೆಲವೇ ನಿಮಿಷಗಳ ಈ ಪರೀಕ್ಷೆಯನ್ನು ಕೈಬಿಟ್ಟವರು ಹೊಸ ಪಿಸ್ಟನ್ನಿನ ಬೆಲೆ ತೆತ್ತು ಪಾಠ ಕಲಿಯುತ್ತಾರೆ.

ಸಿಲಿಂಡರಿನ ಮೂಲ ವ್ಯಾಸ 64 ಮಿ.ಮೀ. ಸವೆದಾಗ ಅದನ್ನು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕುತ್ತಾರೆ. ಪಿಸ್ಟನ್ನುಗಳು ಸಾಮಾನ್ಯವಾಗಿ 0.25 ಮಿ.ಮೀ. ಅಂತರದಲ್ಲಿ ದೊರೆಯುತ್ತವೆ. ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನು ಅಳೆದು, ಆ ಅಳತೆಗೆ ತಕ್ಕಂತೆ ಬೋರ್ ಮಾಡಿಸಬೇಕೇ ಹೊರತು ಅಂದಾಜಿನ ಮೇಲಲ್ಲ. ಇವೆರಡರ ನಡುವಿನ ಸಂದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಒಳ್ಳೆಯ ಬೋರಿಂಗ್ ಶಾಪಿನವರು ಪಿಸ್ಟನ್ ತರದ ಗಿರಾಕಿಯನ್ನು ವಾಪಸು ಕಳುಹಿಸುವುದು ಇದೇ ಕಾರಣಕ್ಕೆ.

ಶಕ್ತಿಯ ಆಸೆ, ಅದರ ಬೆಲೆ

ಎಂಜಿನ್ ಗಟ್ಟಿಯಾದ ಮೇಲೆ ಅಲಂಕಾರದ ಮತ್ತು ಶಕ್ತಿವರ್ಧನೆಯ ಬಿಡಿಭಾಗಗಳ ಸರದಿ. ಕಂಪನಿಯವಲ್ಲದ ಇಂತಹ 'ಆಫ್ಟರ್ ಮಾರ್ಕೆಟ್' ಭಾಗಗಳು ಜಪಾನ್, ಅಮೆರಿಕ, ಯುರೋಪುಗಳಿಂದಲೂ ಬರುತ್ತವೆ. ಅಲ್ಲೆಲ್ಲ ಆರ್‌ಡಿ ಜನಪ್ರಿಯವಾಗಿದ್ದುದರಿಂದ ಪೂರೈಕೆ ಇನ್ನೂ ನಿಂತಿಲ್ಲ.

ಅವುಗಳಲ್ಲಿ ಹೆಚ್ಚು ಬೇಡಿಕೆಯಿರುವುದು ಹೊಟ್ಟೆ ಉಬ್ಬಿದ ಆಕಾರದ 'ಎಕ್ಸ್‌ಪಾನ್ಷನ್ ಚೇಂಬರ್' ಸೈಲೆನ್ಸರಿಗೆ. ಹೊರಹೋಗುವ ಹೊಗೆಯ ಒತ್ತಡದ ಅಲೆ ಅದರ ಕಿರಿದಾಗುವ ತುದಿಗೆ ಬಡಿದು ಹಿಂದಿರುಗಿ, ಸಿಲಿಂಡರಿನಿಂದ ತಪ್ಪಿಸಿಕೊಳ್ಳುತ್ತಿದ್ದ ತಾಜಾ ಮಿಶ್ರಣವನ್ನು ಮತ್ತೆ ಒಳದೂಡುತ್ತದೆ. ಆದರೆ ಈ ಲಾಭ ಎಂಜಿನ್ನಿನ ಒಂದು ನಿರ್ದಿಷ್ಟ ವೇಗದ ಮಿತಿಯಲ್ಲಿ ಮಾತ್ರ. ಅದಕ್ಕಿಂತ ಕೆಳಗೆ ಬೈಕು ಮೊದಲಿಗಿಂತಲೂ ಮಂದವಾಗಬಹುದು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ನಗರ ಸಂಚಾರಕ್ಕೆ ಇದು ಹೇಳಿ ಮಾಡಿಸಿದ್ದಲ್ಲ.

ಸೈಲೆನ್ಸರ್ ಬದಲಿಸಿ ಕಾರ್ಬುರೇಟರ್ ಮುಟ್ಟದಿರುವುದು ಇನ್ನೊಂದು ಸಾಮಾನ್ಯ ತಪ್ಪು. ಹೆಚ್ಚು ಉಸಿರಾಡುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು, ಅದಕ್ಕೆ ದೊಡ್ಡ ಜೆಟ್ ಬೇಕು. ಸ್ಪಾರ್ಕ್ ಪ್ಲಗ್ಗಿನ ತುದಿ ಕಂದು ಬಣ್ಣಕ್ಕಿದ್ದರೆ ಮಿಶ್ರಣ ಸರಿ, ಬಿಳಿಚಿಕೊಂಡಿದ್ದರೆ ಅಪಾಯದ ಸೂಚನೆ. 2025ರ ವೇಳೆಗೆ ದೇಶದ ಬಹುಪಾಲು ಬಂಕುಗಳಿಗೆ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದಿರುವುದರಿಂದ ಈ ಎಚ್ಚರ ಮತ್ತಷ್ಟು ಅಗತ್ಯ. ಎಥೆನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಜೆಟ್ಟುಗಳಲ್ಲಿ ಮಿಶ್ರಣ ತೆಳುವಾಗುತ್ತದೆ. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ಟ್ಯಾಂಕಿನ ತುಕ್ಕು ತೆಗೆಸಿ, ಪೆಟ್ರೋಲ್ ಪೈಪುಗಳನ್ನು ಹೊಸದಾಗಿ ಹಾಕಿಸುವುದು ಲೇಸು.

ಕಿಡಿ ಕೊಡುವ ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸುವುದು ಮಾತ್ರ ಬಹುತೇಕ ಎಲ್ಲರೂ ಒಪ್ಪುವ ಬದಲಾವಣೆ. ಪಾಯಿಂಟು ಸವೆದಂತೆ ಎರಡು ಸಿಲಿಂಡರುಗಳ ಟೈಮಿಂಗ್ ಬೇರೆ ಬೇರೆಯಾಗುವ ತಾಪತ್ರಯ ಇದರಿಂದ ತಪ್ಪುತ್ತದೆ.

ಮರೆತುಹೋಗುವ ಮೊದಲ ಪಾಠ

ಟೂ ಸ್ಟ್ರೋಕ್ ಬೈಕಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಹಿಡಿದು ನಿಲ್ಲಿಸುವುದು ಕಡಿಮೆ. ಎಲ್ಲ ಭಾರ ಬ್ರೇಕಿನ ಮೇಲೆಯೇ. ಹೀಗಿದ್ದೂ ಬಜೆಟ್ಟಿನ ಬಹುಪಾಲು ಎಂಜಿನ್ನಿಗೆ, ಬಣ್ಣಕ್ಕೆ, ಕ್ರೋಮಿಗೆ ಹೋಗಿ, ಬ್ರೇಕಿಗೆ ಉಳಿದದ್ದು ಮಾತ್ರ ಸಲ್ಲುತ್ತದೆ. ಮೂಲ ಡ್ರಮ್ಮನ್ನೇ ಉಳಿಸಿಕೊಳ್ಳುವವರು ಡ್ರಮ್ಮನ್ನು ಲೇತಿನಲ್ಲಿ ಸಮ ಮಾಡಿಸಿ, ಹೊಸ ಲೈನರ್ ಹಾಗೂ ಕೇಬಲ್ ಹಾಕಿಸಬೇಕು. ಡಿಸ್ಕ್ ಬೇಕೆನ್ನುವವರು ಫೋರ್ಕ್, ಹಬ್, ಕ್ಯಾಲಿಪರ್ ಮೂರೂ ಒಂದಕ್ಕೊಂದು ಹೊಂದುವ ಸೆಟ್ ಆರಿಸುವುದು ಕ್ಷೇಮ. ಬೇರೆ ಬೈಕಿನ ಕ್ಯಾಲಿಪರನ್ನು ಮನೆಯ ಪಕ್ಕದ ವೆಲ್ಡಿಂಗ್ ಶಾಪಿನ ಪಟ್ಟಿಯ ಮೇಲೆ ಕೂಡಿಸಿದರೆ, ತುರ್ತಾಗಿ ಬ್ರೇಕ್ ಒತ್ತುವ ಆ ಒಂದು ಕ್ಷಣದಲ್ಲಿ ಅದರ ಗಟ್ಟಿತನದ ಪರೀಕ್ಷೆಯಾಗುತ್ತದೆ. ಕಿರಿದಾದ ರಿಮ್ಮಿಗೆ ನೋಟಕ್ಕಾಗಿ ಅಗಲದ ಟೈರು ಏರಿಸುವುದೂ ಹೀಗೆಯೇ. ಟೈರಿನ ದುಂಡು ಕೆಟ್ಟು, ತಿರುವಿನಲ್ಲಿ ಹಿಡಿತ ತಪ್ಪುತ್ತದೆ.

ಕಾನೂನು ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ನಿಯಮಬಾಹಿರ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು. ಕರ್ಕಶ ಸೈಲೆನ್ಸರುಗಳನ್ನು ಕಿತ್ತು ರೋಡ್ ರೋಲರ್ ಹರಿಸಿದ ದೃಶ್ಯಗಳನ್ನು ರಾಜ್ಯದ ಹಲವು ನಗರಗಳ ಜನ ಕಂಡಿದ್ದಾರೆ.

ಸವೆದ ಭಾಗವನ್ನು ಅದೇ ಬಗೆಯ ಹೊಸ ಭಾಗದಿಂದ ಬದಲಿಸಿ ದುರಸ್ತಿ ಮಾಡುವುದು ಬೇರೆ, ವಾಹನದ ಸ್ವರೂಪವನ್ನೇ ಬದಲಿಸುವುದು ಬೇರೆ. ಎಂಜಿನ್ ಅಥವಾ ಬಣ್ಣ ಬದಲಾದರೆ ಆರ್‌ಟಿಒ ಕಚೇರಿಯಲ್ಲಿ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. 15 ವರ್ಷ ದಾಟಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಗುಜರಿಯಿಂದ ಬೈಕು ಕೊಳ್ಳುವವರು ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಆರ್‌ಸಿಗೆ ತಾಳೆಯಾಗುತ್ತವೆಯೇ ಎಂದು ಬೆಲೆ ಕಟ್ಟುವ ಮುನ್ನವೇ ನೋಡಬೇಕು. ತಿಳಿಸದ ಮಾರ್ಪಾಡಿನ ನೆಪದಲ್ಲಿ ಅಪಘಾತದ ವಿಮೆ ತಿರಸ್ಕೃತವಾಗುವ ಸಂಭವವೂ ಇದೆ. ಶಕ್ತಿ ಹೆಚ್ಚಿಸಿದ ಬೈಕಿಗೆ ತಕ್ಕ ಜಾಗ ರೇಸ್ ಟ್ರ್ಯಾಕೇ ಹೊರತು ಸಾರ್ವಜನಿಕ ರಸ್ತೆಯಲ್ಲ.

ನಲವತ್ತು ವರ್ಷದ ಹಿಂದೆ ಈ ಬೈಕಿಗೆ ಕೆಟ್ಟ ಹೆಸರು ತಂದದ್ದು ಅದರ ಎಂಜಿನ್ ಅಲ್ಲ, ಆ ಎಂಜಿನ್ನಿಗೆ ಸಾಟಿಯಾಗದ ಬ್ರೇಕು. ಇಂದು ಅದಕ್ಕೆ ಮರುಜೀವ ಕೊಡುವವರ ಕೈಯಲ್ಲಿ ಆ ತಪ್ಪನ್ನು ತಿದ್ದುವ ಅವಕಾಶವಿದೆ.